ಕಿಲ್ಪೆಕ್‌ನಲ್ಲಿ ಚರ್ಚ್ ನೋಡಿ ವಾಪಸ್ ಹೊರಡಬೇಡಿ

ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ಹಳ್ಳಿ ಕಿಲ್ಪೆಕ್‌ಗೆ ಬರುವವರೆಲ್ಲ ಚರ್ಚ್ ನೋಡಲಿಕ್ಕೇ ಬರುತ್ತಾರೆ. ತಪ್ಪೇನಿಲ್ಲ. 1140ರ ಸುಮಾರಿನ ಕೆಂಪು ಮರಳುಗಲ್ಲಿನ ಕಟ್ಟಡ. ಸೂರಿನ ಕೆಳಗೆ ಸುತ್ತಲೂ ಸಣ್ಣ ಸಣ್ಣ ಕೆತ್ತನೆಗಳು. 85 ಇನ್ನೂ ಉಳಿದಿವೆ. ಅದರಲ್ಲಿ ನಾಯಿ, ಮೊಲ ಒಟ್ಟಿಗೆ ಕೂತಿರುವ ಒಂದನ್ನು ನೋಡದೆ ನನಗೆ ಮುಂದೆ ಹೋಗಲು ಆಗುವುದೇ ಇಲ್ಲ. ಆದರೆ ನಾಲ್ಕು ಫೋಟೊ ತೆಗೆದು ಜನ ಕಾರು ಹತ್ತಿಬಿಡುತ್ತಾರಲ್ಲ, ಅದೇ ನನಗೆ ಸಂಕಟ. ಕೋಟೆ ಇರುವುದು ಚರ್ಚಿನ ಬೆನ್ನಿಗೇ.

ದೂರದಿಂದ ಅದು ಬರೀ ಮಣ್ಣಿನ ದಿಬ್ಬ. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗೆ ವೇಲ್ಸ್ ಗಡಿಯಲ್ಲಿ ಬೇಗ ಕಾಲೂರಬೇಕಿತ್ತು. ಕಲ್ಲು ಕಡಿದು ಕಟ್ಟುತ್ತಾ ಕೂರಲು ಪುರಸೊತ್ತಿಲ್ಲ. ಸುತ್ತ ಕಂದಕ ತೋಡು, ಅದೇ ಮಣ್ಣನ್ನು ನಡುವೆ ಪೇರಿಸು, ಮೇಲೆ ಮರದ ಬೇಲಿ ನೆಡು. ಇಲ್ಲಿನ ಒಡೆಯ ವಿಲಿಯಂ ಫಿಟ್ಜ್ ನಾರ್ಮನ್. ಕಲ್ಲಿನ ಸುತ್ತುಗೋಡೆ ಬಂದದ್ದು ಆಮೇಲೆ. ಅದರ ಎರಡು ತುಂಡು ಈಗಲೂ ದಿಬ್ಬದ ತಲೆ ಮೇಲೆ ನಿಂತಿವೆ. ಒಂದರಲ್ಲಿ ಒಲೆಯ ಗೂಡು ಇದೆ. ಬಗ್ಗಿ ಮೇಲಕ್ಕೆ ನೋಡಿ, ಹೊಗೆ ಹೋಗಲು ಬಿಟ್ಟ ದುಂಡನೆಯ ದಾರಿ ಕಾಣುತ್ತದೆ. ಇಂಗ್ಲೆಂಡಿನ ದೊರೆ ಜಾನ್ ಕೂಡ ಈ ಕೋಟೆಗೆ ಬಂದುಹೋಗಿದ್ದಾನೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಚರ್ಚಿನ ಈಶಾನ್ಯಕ್ಕಿರುವ ಹುಲ್ಲುಗಾವಲು. ನಮ್ಮ ಕಡೆ ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಬರೆಯುತ್ತಾರಲ್ಲ, ಜನ ಬಿಟ್ಟುಹೋದ ಹಳ್ಳಿ, ಅಂಥದ್ದು. ಸುತ್ತ ತಗ್ಗಾದ ಮಣ್ಣಿನ ಏರಿ. ಒಳಗೆ ಜನ, ಗಾಡಿ ಓಡಾಡಿ ಸವೆದು ಹಳ್ಳವಾದ ಹಾದಿ, ಅದರ ಪಕ್ಕ ಮನೆಗಳಿದ್ದ ಸಮತಟ್ಟು ಜಾಗಗಳು. ಸುಮ್ನೆ ನಡೆದರೆ ಕಾಲಿಗೆ ಏರು ತಗ್ಗು ಸಿಗುತ್ತದೆ, ಅಷ್ಟೇ. ನಾರ್ಮನ್ ದೊರೆ ಇಡೀ ಇಂಗ್ಲೆಂಡಿನ ಜಮೀನು, ಕಂದಾಯ ಬರೆಸಿದ 1086ರ ಡೂಮ್ಸ್‌ಡೇ ಲೆಕ್ಕದಲ್ಲಿ ಕಿಲ್ಪೆಕ್‌ನ 57 ಗಂಡಸರು, 19 ನೇಗಿಲು ಸಿಗುತ್ತವೆ. ಅವರು ಒಡೆಯನಿಗೆ ಕಂದಾಯವಾಗಿ ಕೊಡುತ್ತಿದ್ದದ್ದರಲ್ಲಿ ಜೇನುತುಪ್ಪವೂ ಇತ್ತು! ಒಬ್ಬರ ಹೆಸರೂ ಅಲ್ಲಿ ಬರೆದಿಲ್ಲ. ಕೋಟೆಯ ಒಡೆಯನ ಹೆಸರು ಉಳಿದಿದೆ, ಆದರೆ ಆ ಕಂದಕದ ಮಣ್ಣು ಹೊತ್ತವರು ಇಂಥವರೇ ತಾನೇ?

ಹೋಗುವುದಾದರೆ ಚಳಿಗಾಲದಲ್ಲಿ, ಮಧ್ಯಾಹ್ನ ಇಳಿದ ಮೇಲೆ ಹೋಗಿ. ಹುಲ್ಲು ಗಿಡ್ಡ ಇರುತ್ತದೆ, ಬಿಸಿಲು ಓರೆಯಾಗಿ ಬೀಳುತ್ತದೆ. ದಿಬ್ಬ ಹತ್ತಿ ಚರ್ಚಿನ ಆಚೆ ನೋಡಿದರೆ ಏರಿಗಳ ನೆರಳಲ್ಲಿ ಹಳ್ಳಿಯ ಗೆರೆಗಳು ಎದ್ದು ಕಾಣುತ್ತವೆ. ಒಳ್ಳೇ ಬೂಟು ಹಾಕಿಕೊಳ್ಳಿ, ದಿಬ್ಬ ವಿಪರೀತ ಜಾರುತ್ತದೆ.