ಗೂಬೆ ಹುಡುಕೋಕೆ ಹೋದ್ರೆ ಬಂಡೆಗಿಂತ ಮೊದ್ಲು ಹೊಲ ನೋಡಿ

ಬಳ್ಳಾರಿ, ಕೊಪ್ಪಳ ಕಡೆ ಕಲ್ಲುಗುಡ್ಡಗಳಲ್ಲಿ ಪಕ್ಷಿ ಸರ್ವೆ ಮಾಡೋದು ನನ್ನ ಕೆಲಸ, ಅದ್ರಲ್ಲೂ ಜಾಸ್ತಿ ಕೊಂಬಿನ ಗೂಬೆದು, ಅಂದ್ರೆ ತಲೆ ಮೇಲೆ ಕೊಂಬಿನ ಹಾಗೆ ಗರಿ ಎದ್ದಿರೋ ದೊಡ್ಡ ಗೂಬೆ. ಟೀಮಿಗೆ ಹೊಸದಾಗಿ ಸೇರೋರೆಲ್ಲ ಕೇಳೋ ಪ್ರಶ್ನೆ ಒಂದೇ, ಕಣ್ಣು ಹಾಯಿಸಿದಷ್ಟೂ ಬಂಡೆ ಇದಾವೆ, ಎಲ್ಲಿಂದ ಶುರು ಮಾಡೋದು ಸರ್ ಅಂತ.

ಈ ಗೂಬೆ ಗೂಡು ಕಟ್ಟೋದೇ ಇಲ್ಲ. ಬಂಡೆ ಸಂದಲ್ಲೋ, ಹಳ್ಳದ ದಡದ ಕೊರಕಲಲ್ಲೋ, ಕೆಲಸ ನಿಂತೋದ ಹಳೇ ಕ್ವಾರಿ ಗೋಡೆ ಮೇಲೋ ಮಣ್ಣು ಸ್ವಲ್ಪ ಕೆರ್ಕೊಂಡು ಅಲ್ಲೇ ಮೊಟ್ಟೆ ಇಡುತ್ತೆ, ಸಾಮಾನ್ಯವಾಗಿ ಮೂರೋ ನಾಲ್ಕೋ, ಕಾವು ಸುಮಾರು 33 ದಿನ. ಅದಕ್ಕೇ ಮೇಲೆ ನೆರಳಿಗೆ ಕಲ್ಲು ಚಾಚಿರ್ಬೇಕು, ನಾಯಿ ನರಿ ಸಲೀಸಾಗಿ ಹತ್ತಿ ಬರೋ ಹಾಗಿರ್ಬಾರ್ದು. ಆದ್ರೆ ಅಂಥ ಸಂದು ದರೋಜಿ ಸುತ್ತ ಎಲ್ಲಿ ನೋಡಿದ್ರೂ ಸಿಗ್ತವೆ, ಬಹುಪಾಲು ಖಾಲಿನೇ.

ನಾನು ಹೊಸಬ್ರಿಗೆ ಹೇಳೋದು ಇಷ್ಟೇ, ಬಂಡೆಗೆ ಬೆನ್ನು ಹಾಕಿ ನಿಂತು ಎದುರಿಗೆ ಏನಿದೆ ನೋಡಿ. ಜೋಳ, ಕಡಲೆ, ಶೇಂಗಾ ಹೊಲ ಇದೆಯಾ, ಬದುಗಳಲ್ಲಿ ಇಲಿ ಬಿಲ ಇದಾವಾ, ಗೂಬೆ ಕೂತು ಕಾಯೋಕೆ ಎತ್ತರದ ಕಲ್ಲೋ ಕಂಬನೋ ಇದೆಯಾ. ಇದಿಷ್ಟು ಇದ್ರೆ ಆಮೇಲೆ ತಿರುಗಿ ಬಂಡೆ ನೋಡಿ, ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ ಇಳಿದಿರುತ್ತೆ. ಕೆಳಗಡೆ ಗೂಬೆ ಅರಗದೆ ಕಕ್ಕಿದ ಉಂಡೆಗಳು ಬಿದ್ದಿರ್ತವೆ, ಒಣಗಿದ್ದನ್ನ ಬಿಡಿಸಿದ್ರೆ ಬೂದು ಕೂದಲ ಮಧ್ಯೆ ಇಲಿ ತಲೆಬುರುಡೆ, ಕಿತ್ತಳೆ ಬಣ್ಣದ ಹಲ್ಲು ಹಾಗೇ ಇರುತ್ತೆ. ಇವು ಮೊಟ್ಟೆ ಇಡೋದು ಹೆಚ್ಚಾಗಿ ನವೆಂಬರಿಂದ ಏಪ್ರಿಲ್ ಒಳಗೆ, ಹಿಂಗಾರು ಕಟಾವು ಮುಗಿದು ಹೊಲ ಬಯಲಾದಾಗ ಮರಿಗೆ ಇಲಿ ಹಿಡಿದು ತರೋದು ಸುಲಭ ಅಂತ ನನ್ನ ಅನಿಸಿಕೆ. ರೈತರ ಹೊಲಕ್ಕೆ ಇಷ್ಟು ಉಪಕಾರ ಮಾಡೋ ಹಕ್ಕಿನ ಅಪಶಕುನ ಅಂತ ಕಲ್ಲು ಹೊಡಿತಾರಲ್ಲ, ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಇನ್ನೊಂದು, ಗುರುತು ಸಿಕ್ಕ ಮೇಲೆ ಹತ್ರ ಹೋಗೋದು ಬೇಡ, ದೂರದಿಂದ ಬೈನಾಕ್ಯುಲರಲ್ಲಿ ನೋಡಿದ್ರೆ ಸಾಕು. ಹಗಲಲ್ಲಿ ತಾಯಿ ಎದ್ದು ಹಾರಿದ್ರೆ ಕಾಗೆಗಳು ಮುತ್ಕೊಳ್ತವೆ, ಮೊಟ್ಟೆ ಬಿಸಿಲಿಗೆ ಬೀಳುತ್ತೆ. ಮರಿಗಳಂತೂ ಹಾರೋಕೆ ಬರೋ ಮೊದ್ಲೇ ನಡ್ಕೊಂಡು ಹೊರಗೆ ಬಂದು ಕಲ್ಲುಗಳ ಮಧ್ಯೆ ಕೂತಿರ್ತವೆ, ಹೆಜ್ಜೆ ನೋಡಿ ಇಡಿ. ಫೋಟೋ ಹಾಕೋದಾದ್ರೆ ಲೊಕೇಶನ್ ತೆಗೆದು ಹಾಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದ್ರೂ ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಅಂತ ಗೂಬೆ ಹಿಡಿಯೋರು ಇದಾರೆ, ಅವೋ ವರ್ಷಾ ವರ್ಷ ಅದೇ ಜಾಗಕ್ಕೆ ವಾಪಸ್ ಬರ್ತವೆ.