ಜೆಸ್ಸಿ ವಿಮಾನ ತಪ್ಪಿಸಿಕೊಂಡದ್ದು ಯಾವಾಗ?

‘ಬಿಫೋರ್ ಸನ್‌ಸೆಟ್’ ಸಿನಿಮಾ ನೋಡಿದ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಜಗಳ ಶುರುವಾಗದೆ ಇರುವುದಿಲ್ಲ. ಒಂಬತ್ತು ವರ್ಷದ ಹಿಂದೆ ವಿಯೆನ್ನಾದಲ್ಲಿ ಒಂದು ರಾತ್ರಿ ಜೊತೆಗೆ ಕಳೆದಿದ್ದ ಜೆಸ್ಸಿ, ಸೆಲೀನ್ ಇದರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಸಿಗುತ್ತಾರೆ. ಜೆಸ್ಸಿಗೆ ಸೆಲೀನ್ ಇಷ್ಟ, ಸೆಲೀನ್‌ಗೆ ಜೆಸ್ಸಿ ಇಷ್ಟ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅವನಿಗೆ ಮದುವೆಯಾಗಿದೆ, ನಾಲ್ಕು ವರ್ಷದ ಮಗನಿದ್ದಾನೆ. ಅವಳಿಗೂ ಒಬ್ಬ ಗೆಳೆಯನಿದ್ದಾನೆ. ಇಷ್ಟಪಡುವುದು ಬೇರೆ, ಅದರಂತೆ ನಡೆದುಕೊಳ್ಳುವುದು ಬೇರೆ, ಅಲ್ವಾ? ಹಾಗಾದರೆ ಅವರು ಆ ಗೆರೆ ದಾಟಿದ್ದು ಎಲ್ಲಿ? (ಸಿನಿಮಾ ನೋಡಿಲ್ಲದವರು ನೋಡಿ ಬಂದು ಓದಿ. ಕೊನೆ ಹೇಳದೆ ಈ ಮಾತು ಆಡಲು ಆಗುವುದಿಲ್ಲ.)

ಜಾಸ್ತಿ ಜನ ಹೇಳುವುದು ಕೊನೆಯ ದೃಶ್ಯ. ಪ್ಯಾರಿಸ್‌ನಲ್ಲಿ ಸೆಲೀನ್ ಮನೆ, ನೀನಾ ಸಿಮೋನ್ ಹಾಡು, ಆ ಗಾಯಕಿಯ ಹಾಗೆ ಮೈ ಬಳುಕಿಸುತ್ತಾ ಇವಳು, ನಗುತ್ತಾ ಕೂತ ಅವನು. ನಿನ್ನ ವಿಮಾನ ತಪ್ಪಿಹೋಗುತ್ತೆ ಅನ್ನುತ್ತಾಳೆ. ಗೊತ್ತು ಅನ್ನುತ್ತಾನೆ. ಮುಗಿಯಿತು, ಪರದೆ ಕಪ್ಪು. ತೀರ್ಮಾನ ಆದದ್ದು ಅಲ್ಲೇ ಅಂತ ಇವರ ವಾದ.

ಇನ್ನೊಂದು ಗುಂಪು ಕಾರಿನ ದೃಶ್ಯ ಹಿಡಿದುಕೊಳ್ಳುತ್ತದೆ. ನನಗೂ ಅದು ತುಂಬಾ ಇಷ್ಟದ ದೃಶ್ಯವೇ. ಅವನು ತನ್ನ ಮದುವೆ ಹೇಗೆ ಒಣಗಿಹೋಗಿದೆ ಅಂತ, ಕನಸಿನಲ್ಲಿ ಇವಳು ಬಂದು ತಾನು ಅಳುತ್ತಾ ಎದ್ದದ್ದನ್ನು ಹೇಳುತ್ತಿರುತ್ತಾನೆ. ಅವನು ಆಚೆ ಮುಖ ಮಾಡಿದಾಗ ಸೆಲೀನ್ ಕೈ ಅವನ ತಲೆಯ ಹತ್ತಿರ ಹೋಗುತ್ತದೆ. ಅವನು ತಿರುಗುವಷ್ಟರಲ್ಲಿ ಕೈ ವಾಪಸ್. ಅವನಿಗೆ ಅದು ಗೊತ್ತೇ ಆಗುವುದಿಲ್ಲ, ನಮಗೆ ಮಾತ್ರ ಗೊತ್ತು. ಇವರ ಮೊದಲ ಸಿನಿಮಾ, 1995ರ ‘ಬಿಫೋರ್ ಸನ್‌ರೈಸ್’ ನೆನಪಿದ್ದವರಿಗೆ ಇಲ್ಲಿ ಎದೆ ಝಲ್ ಅನ್ನುತ್ತದೆ. ಯಾಕೆಂದರೆ ವಿಯೆನ್ನಾದ ಟ್ರಾಮ್‌ನಲ್ಲಿ ಜೆಸ್ಸಿಯೂ ಹೀಗೇ ಅವಳ ಮುಖದ ಮೇಲೆ ಬಿದ್ದ ಕೂದಲು ಸರಿಸಲು ಕೈ ಚಾಚಿ, ಅವಳು ತಿರುಗಿದ್ದೇ ಹಿಂದಕ್ಕೆ ಎಳೆದುಕೊಂಡಿದ್ದ. ಒಂಬತ್ತು ವರ್ಷದ ನಂತರ 2004ರಲ್ಲಿ ಕೈ ಚಾಚುವ ಸರದಿ ಅವಳದು. ಜೆಸ್ಸಿ, ಸೆಲೀನ್ ಆಗಿ ನಟಿಸಿದ ಈಥನ್ ಹಾಕ್, ಜೂಲಿ ಡೆಲ್ಪಿ ಇಬ್ಬರೂ ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಜೊತೆ ಕೂತು ಎರಡನೇ ಸಿನಿಮಾದ ಚಿತ್ರಕಥೆ ಬರೆದವರು. ಆ ಕೈ ಸುಮ್ನೆ ಹಾಗೆ ಹೋಗಿ ಬಂದದ್ದು ಅಂತ ನನಗೆ ಅನಿಸುವುದಿಲ್ಲ.

ಆದರೂ ಹಿಂದಕ್ಕೆ ಎಳೆದುಕೊಂಡ ಕೈಯನ್ನು ಕ್ರಿಯೆ ಅನ್ನಬಹುದಾ? ನನ್ನ ಪ್ರಕಾರ ಅನ್ನಬಾರದು. ಅದು ಆಸೆ. ಆಸೆ ಎಷ್ಟು ದೊಡ್ಡದಿದ್ದರೂ ಅದರಿಂದ ಇನ್ನೊಬ್ಬರ ಬದುಕಿನಲ್ಲಿ ಏನೂ ಅಲುಗಾಡಿಲ್ಲ. ಅಲ್ಲಿ ಅವಳು ತನ್ನನ್ನು ತಾನು ತಡೆದಳು, ಆ ತಡೆಗೆ ನಾವು ಬೆಲೆ ಕೊಡಬೇಕು.

ನನ್ನ ಉತ್ತರ ಬೇರೆ. ಜೆಸ್ಸಿ ಗೆರೆ ದಾಟಿದ್ದು, ತನ್ನನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿದ್ದ ಡ್ರೈವರ್‌ಗೆ ಫೋನ್ ಮಾಡಿದಾಗ.

ನೆನಪು ಮಾಡಿಕೊಳ್ಳಿ. ಅವನು ಪ್ಯಾರಿಸ್‌ಗೆ ಬಂದಿರುವುದು ತನ್ನ ಪುಸ್ತಕದ ಪ್ರಚಾರಕ್ಕೆ. ಶೇಕ್ಸ್‌ಪಿಯರ್ ಆಂಡ್ ಕಂಪನಿ ಪುಸ್ತಕದಂಗಡಿಯಲ್ಲಿ ಮಾತಾಡುತ್ತಿರುವಾಗ ಅವಳು ಕಾಣುತ್ತಾಳೆ. ಅವತ್ತೇ ವಿಮಾನ ಹಿಡಿಯಬೇಕು, ಕೈಯಲ್ಲಿರುವುದು ಸ್ವಲ್ಪವೇ ಹೊತ್ತು. ಮೊದಲು ಒಂದು ಕಾಫಿ. ಸರಿ, ಹಳೆಯ ಪರಿಚಯದವರು ಸಿಕ್ಕರೆ ಯಾರಾದರೂ ಕುಡಿಯುತ್ತಾರೆ. ಆಮೇಲೆ ಉದ್ಯಾನದಲ್ಲಿ ನಡಿಗೆ. ಆಮೇಲೆ ಸೇನ್ ನದಿಯಲ್ಲಿ ಪ್ರವಾಸಿಗರ ದೋಣಿ. ಅಲ್ಲಿಂದ ಡ್ರೈವರ್‌ಗೆ ಫೋನ್, ನೀನು ‘ಆನ್ರಿ ಕಾತ್ರ್’ ಅನ್ನುವ ದೋಣಿ ನಿಲ್ದಾಣಕ್ಕೆ ಬಾ ಅಂತ. ಆಮೇಲೆ ಸೆಲೀನ್‌ಗೆ, ನಿನ್ನನ್ನು ಮನೆ ತನಕ ಬಿಡುತ್ತೇನೆ. ಆಮೇಲೆ ಬಾಗಿಲ ತನಕ ಬರುತ್ತೇನೆ. ಆಮೇಲೆ ನೀನು ಬರೆದ ಒಂದು ಹಾಡು ಕೇಳಿ ಹೋಗುತ್ತೇನೆ. ಆಮೇಲೆ ಚಹಾ. ಇದರಲ್ಲಿ ಯಾವುದೂ ತಪ್ಪು ಅನ್ನಿಸುವಂಥದ್ದಲ್ಲ, ಆದರೆ ಒಂದೊಂದೂ ಅವನೇ ಎದ್ದು ಮಾಡಿದ ಕೆಲಸ, ಕಾಲು ಕಾಲು ಗಂಟೆಯಾಗಿ ಅವನು ವಿಮಾನವನ್ನು ಬಿಟ್ಟುಕೊಡುತ್ತಾ ಬಂದ. ಸಿನಿಮಾ ನಡೆಯುವುದು ಹೆಚ್ಚುಕಡಿಮೆ ಗಡಿಯಾರದ ಲೆಕ್ಕದಲ್ಲೇ, ಒಟ್ಟು 80 ನಿಮಿಷ. ನಮ್ಮ ಕಣ್ಣೆದುರೇ ಹೊತ್ತು ಕರಗುತ್ತದೆ, ನಾವೂ ಇನ್ನು ಐದು ನಿಮಿಷ ಇರಪ್ಪಾ ಅಂತ ಬೇಡಿಕೊಳ್ಳುತ್ತಿರುತ್ತೇವೆ.

ಮುತ್ತು ಕೊಟ್ಟಾಗ ಮಾತ್ರ ಕ್ರಿಯೆ ಅನ್ನುವವರಿಗೆ ಈ ಸಿನಿಮಾ ಏನೂ ಕೊಡುವುದಿಲ್ಲ. ಇಲ್ಲಿ ಮುತ್ತೇ ಇಲ್ಲ! ಮನೆ ಬಾಗಿಲಿಗೆ ಬರುವ ಮುಂಚೆ ಒಂದು ಅಪ್ಪುಗೆ, ಅಷ್ಟೇ.

ಮೊದಲ ಸಿನಿಮಾದಲ್ಲೂ ನನಗೆ ಹೀಗೇ ಅನಿಸುತ್ತದೆ. ಎಲ್ಲರೂ ವಿಯೆನ್ನಾದ ಪ್ರಾಟರ್ ಉದ್ಯಾನದ ಜೈಂಟ್ ವೀಲ್ ಮೇಲಿನ ಮುತ್ತಿನ ಬಗ್ಗೆ ಮಾತಾಡುತ್ತಾರೆ, ರೆಕಾರ್ಡ್ ಅಂಗಡಿಯ ಇಕ್ಕಟ್ಟಾದ ಗೂಡಿನಲ್ಲಿ ಒಬ್ಬರು ನೋಡದಾಗ ಇನ್ನೊಬ್ಬರು ಕದ್ದು ನೋಡುವ ದೃಶ್ಯದ ಬಗ್ಗೆ ಮಾತಾಡುತ್ತಾರೆ. ಎರಡೂ ಚೆನ್ನ. ಆದರೆ ಸೆಲೀನ್ ಅದಕ್ಕೂ ಮುಂಚೆಯೇ ರೈಲಿನಿಂದ ಇಳಿದಾಗಿತ್ತು. ಪ್ಯಾರಿಸ್‌ಗೆ ಹೋಗಬೇಕಾದವಳು, ಸ್ವಲ್ಪ ಹೊತ್ತಿನ ಹಿಂದೆ ಪರಿಚಯವಾದ ಹುಡುಗನ ಮಾತು ಕೇಳಿ ಬ್ಯಾಗ್ ಎತ್ತಿಕೊಂಡಳಲ್ಲ, ಆ ಬ್ಯಾಗ್ ಎತ್ತಿದ್ದೇ ಕ್ರಿಯೆ. ಮುತ್ತು ಆಮೇಲೆ ತಾನಾಗಿ ಬಂತು.

ಆ ರಾತ್ರಿ ಪಾರ್ಕಿನಲ್ಲಿ ಅವರಿಬ್ಬರೂ ಕೂಡಿದರಾ ಇಲ್ಲವಾ ಅನ್ನುವುದು ಇನ್ನೊಂದು ಹಳೆಯ ಜಗಳ. ಎರಡನೇ ಸಿನಿಮಾ ಅದಕ್ಕೆ ಉತ್ತರ ಕೊಟ್ಟಿದೆ: ಅವನು ಹೌದು ಅನ್ನುತ್ತಾನೆ, ಅವಳು ಮೊದಲು ಮರೆತಂತೆ ನಟಿಸಿ ಆಮೇಲೆ ಒಪ್ಪಿಕೊಳ್ಳುತ್ತಾಳೆ. ನನಗೆ ಅದು ಅಷ್ಟು ಮುಖ್ಯ ಅನಿಸುವುದಿಲ್ಲ.

ಮುಖ್ಯ ಅನಿಸುವುದು ಬೇರೆ. ಪುಸ್ತಕದಂಗಡಿಯಲ್ಲಿ ಅವಳನ್ನು ನೋಡಿ ಮುಖ ಬದಲಾದದ್ದಕ್ಕೆ ಜೆಸ್ಸಿಯನ್ನು ದೂರಲು ಆಗುವುದಿಲ್ಲ, ಅದು ಅವನ ಕೈಯಲ್ಲಿರಲಿಲ್ಲ. ಫೋನ್ ಅವನ ಕೈಯಲ್ಲಿತ್ತು. ಅಷ್ಟು ಹೊತ್ತೂ ಅತ್ತ ಮನೆಯಲ್ಲಿ ಹೆಂಡತಿ, ಮಗ ಇದ್ದಾರೆ, ಅವರು ಒಮ್ಮೆಯೂ ಪರದೆ ಮೇಲೆ ಬರುವುದಿಲ್ಲ. ಬಂದಿದ್ದರೆ ನಾವು ಇಷ್ಟು ಸಲೀಸಾಗಿ ಅವನ ಪರ ನಿಲ್ಲುತ್ತಿದ್ದೆವಾ? ನನಗೆ ಈ ಜೋಡಿ ಅಂದರೆ ಪ್ರಾಣ, ಆದರೂ ಈ ಪ್ರಶ್ನೆ ಬಿಡುವುದಿಲ್ಲ.

ಲಿಂಕ್‌ಲೇಟರ್ ಕೂಡ ಅದನ್ನು ಬಿಟ್ಟಿಲ್ಲ. ಇವರ ಮೂರನೇ ಸಿನಿಮಾ, 2013ರ ‘ಬಿಫೋರ್ ಮಿಡ್‌ನೈಟ್’ ಶುರುವಾಗುವುದು ಗ್ರೀಸ್‌ನ ಒಂದು ವಿಮಾನ ನಿಲ್ದಾಣದಲ್ಲಿ. ಜೆಸ್ಸಿ ಈಗ ಸೆಲೀನ್ ಜೊತೆಗಿದ್ದಾನೆ, ಅವಳಿಜವಳಿ ಹೆಣ್ಣುಮಕ್ಕಳಿದ್ದಾರೆ. ಮೊದಲ ಮದುವೆಯ ಮಗ ಹ್ಯಾಂಕ್ ರಜೆ ಮುಗಿಸಿ ಅಮೆರಿಕಕ್ಕೆ, ಅಮ್ಮನ ಹತ್ತಿರ ವಾಪಸ್ ಹೊರಟಿದ್ದಾನೆ. ಅಪ್ಪ ಮತ್ತೆ ಮತ್ತೆ ಏನೋ ಒಂದು ಮಾತು ತೆಗೆಯುತ್ತಾನೆ, ಹುಡುಗ ಚಿಕ್ಕ ಚಿಕ್ಕ ಉತ್ತರ ಕೊಡುತ್ತಾನೆ. ಆ ಹುಡುಗ ಒಂದು ದೂರೂ ಹೇಳುವುದಿಲ್ಲ. ಸನ್‌ಸೆಟ್‌ನ ಕೊನೆಯ ದೃಶ್ಯಕ್ಕೆ ಚಪ್ಪಾಳೆ ಹೊಡೆದವರು (ನಾನೂ ಅವರಲ್ಲಿ ಒಬ್ಬಳು) ಈ ದೃಶ್ಯವನ್ನು ಅದರ ಹಿಂದೆಯೇ ಹಾಕಿಕೊಂಡು ನೋಡಿ. ಆಮೇಲೆ ಬನ್ನಿ, ಆ ಫೋನ್ ಮಾಡಬೇಕಿತ್ತಾ ಬೇಡವಾ ಅಂತ ಮಾತಾಡೋಣ. ನಾನಂತೂ ಇವತ್ತಿಗೂ ಮಾಡಬೇಕಿತ್ತು ಅನ್ನುವವಳೇ.