ಅಮ್ಮನ ಪಾದಕ್ಕೆ ಸಿಕ್ಕ ಜಾಗ

ಐದು ದಿನದ ಚಳಿಗಾಲದ ಪ್ರವಾಸ ಮುಗಿಸಿ ಮೊನ್ನೆ ರಾತ್ರಿ ಮನೆಗೆ ಬಂದೆವು, ನಾನು ಮತ್ತು ಅಮ್ಮ. ಹಿಮದ ಫೋಟೋಗಳನ್ನೆಲ್ಲ ಆಮೇಲೆ ಹಾಕುತ್ತೇನೆ. ಇವತ್ತು ಬರೆಯಬೇಕು ಅನ್ನಿಸಿದ್ದು ವಾಪಸ್ ಬಂದ ವಿಮಾನದ ಬಗ್ಗೆ. ಮೊದಲ ಸಲ ಪ್ರೀಮಿಯಂ ಎಕಾನಮಿಯಲ್ಲಿ, ಅಂದರೆ ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ದರ್ಜೆಯಲ್ಲಿ, ಕೂತು ಬಂದೆವು.

ಹೋಗುವಾಗ ಎಕಾನಮಿಯಲ್ಲೇ ಹೋಗಿದ್ದೆವು. ಇಷ್ಟು ವರ್ಷ ಜೊತೆಗೆ ಓಡಾಡಿದ್ದರೂ ನನ್ನ ಕಣ್ಣಿಗೆ ಬೀಳದ ಒಂದು ವಿಷಯ ಆ ದಿನ ಗೊತ್ತಾಯಿತು. ಅಮ್ಮ ಕುಳ್ಳಗಿದ್ದಾಳೆ. ಬೆನ್ನು ಒರಗಿಸಿ ಕೂತರೆ ಅವಳ ಪಾದ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಹಿಮ್ಮಡಿ ಮೇಲೇ ಇರುತ್ತದೆ, ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತಲೇ ಇರುತ್ತದೆ. ಗಂಟೆಗಟ್ಟಲೆ ಹಾಗೇ ಕೂತಿದ್ದಾಳೆ, ಒಂದು ಮಾತೂ ಆಡಿಲ್ಲ. ಇಳಿಯುವ ಹೊತ್ತಿಗೆ ಶೂ ಹಾಕಿಕೊಳ್ಳಲು ಬಗ್ಗಿದಳು, ಕಾಲು ಒಳಗೆ ಹೋಗಲಿಲ್ಲ. ಲೇಸು ಪೂರ್ತಿ ಸಡಿಲ ಮಾಡಿದರೂ ಹೋಗಲಿಲ್ಲ. ಕೊನೆಗೆ ಶೂವಿನ ಹಿಂಭಾಗವನ್ನು ಚಪ್ಪಲಿಯ ಹಾಗೆ ತುಳಿದುಕೊಂಡೇ ಅಷ್ಟುದ್ದದ ವಿಮಾನ ನಿಲ್ದಾಣ ನಡೆದಳು. ಕೇಳಿದರೆ "ಏನಿಲ್ಲ ಬಿಡು" ಅಂದಳು. ರಾತ್ರಿ ಕಾಲುಚೀಲ ತೆಗೆದಾಗ ನೋಡಿದೆ. ಕಣಕಾಲಿನ ಸುತ್ತ ಎಲಾಸ್ಟಿಕ್ಕಿನ ಗುರುತು ಬೆರಳಿಗೆ ಸಿಗುವಷ್ಟು ಆಳವಾಗಿ ಕೂತಿತ್ತು. ಇದ್ದದ್ದೇ ಐದು ದಿನ, ಅದರಲ್ಲಿ ಒಂದೂವರೆ ದಿನ ಆ ಊತ ಇಳಿಯುವುದಕ್ಕೇ ಹೋಯಿತು. ಆ ರಾತ್ರಿಯೇ ಕೂತು ವಾಪಸ್ ಬರುವ ಎರಡು ಟಿಕೆಟ್ ಬದಲಾಯಿಸಿದೆ.

ಪ್ರೀಮಿಯಂ ಎಕಾನಮಿ ಹೊಸದೇನಲ್ಲ. 1992ರ ಸುಮಾರಿಗೆ ತೈವಾನಿನ ಇವಾ ಏರ್ ಮತ್ತು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಶುರು ಮಾಡಿದ್ದು. ಇಲ್ಲಿ ಮಲಗುವ ಮಂಚ ಇರುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ. ಸಿಗುವುದು ಜಾಗ. ಎಕಾನಮಿಯಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 31-32 ಇಂಚು, ಇಲ್ಲಿ 38 ಇಂಚಿನ ಆಸುಪಾಸು. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸಿದ್ದು ಅಗಲ. ನಮ್ಮದು ಏರ್‌ಬಸ್ ಎ350. ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಜನ, ಮೂರು-ಮೂರು-ಮೂರು. ಪ್ರೀಮಿಯಂನಲ್ಲಿ ಅಷ್ಟೇ ಜಾಗಕ್ಕೆ ಎಂಟು ಜನ, ಎರಡು-ನಾಲ್ಕು-ಎರಡು. ಕಿಟಕಿ ಪಕ್ಕ ಎರಡೇ ಸೀಟು, ನಾವಿಬ್ಬರೇ. ಅಮ್ಮನಿಗೆ ಬಾತ್‌ರೂಮಿಗೆ ಹೋಗಬೇಕಾದರೆ ಪರಿಚಯ ಇಲ್ಲದವರನ್ನು ಎಬ್ಬಿಸಬೇಕಾಗಿಲ್ಲ. ಎಬ್ಬಿಸಬೇಕಲ್ಲ ಅನ್ನೋ ಸಂಕೋಚಕ್ಕೇ ಅವಳು ಹೋಗುವಾಗ ನೀರು ಕುಡಿದಿರಲಿಲ್ಲ. ಅದೂ ನನಗೆ ಆಮೇಲೇ ಗೊತ್ತಾಗಿದ್ದು.

ಬುಕ್ ಮಾಡುವಾಗ ಒಂದು ಎಚ್ಚರ ಇರಲಿ. "ಹೆಚ್ಚು ಲೆಗ್‌ರೂಮ್" ಅಂತ ಮಾರುವ ಸೀಟು ಬೇರೆ, ಪ್ರೀಮಿಯಂ ಎಕಾನಮಿ ಬೇರೆ. ಮೊದಲನೆಯದು ಅದೇ ಎಕಾನಮಿ ಸೀಟು, ಮುಂದೆ ನಾಲ್ಕು ಇಂಚು ಜಾಸ್ತಿ ಬಿಟ್ಟಿರುತ್ತಾರೆ, ಅಗಲ ಒಂಚೂರೂ ಜಾಸ್ತಿ ಆಗಿರುವುದಿಲ್ಲ. ಇನ್ನೊಂದು, ಎಲ್ಲರೂ ಮೊದಲ ಸಾಲಿಗೆ ಮುಗಿಬೀಳುತ್ತಾರೆ. ನಾನು ಸೀಟಿನ ಚಿತ್ರ ನೋಡಿ ಮೂರನೇ ಸಾಲು ತಗೊಂಡೆ. ನಮ್ಮ ವಿಮಾನದಲ್ಲಿ ಮೊದಲ ಸಾಲಿಗೆ ಮೀನಖಂಡ ಎತ್ತುವ ಹಲಗೆ ಮಾತ್ರ ಇತ್ತು. ಉದ್ದ ಕಾಲಿನವರಿಗೆ ಅದು ಚೆನ್ನ. ಹಿಂದಿನ ಸಾಲುಗಳಲ್ಲಿ ಮುಂದಿನ ಸೀಟಿನ ಬೆನ್ನಿನಿಂದ ಪಾದ ಇಡುವ ಪಟ್ಟಿ ಕೆಳಗಿಳಿಯುತ್ತದೆ. ನನಗೆ ಬೇಕಿದ್ದದ್ದು ಆ ಪಟ್ಟಿ.

ಹತ್ತಿ ಕೂತ ಮೇಲೆ ವಿಮಾನ ಹೊರಡಲೇ ಇಲ್ಲ. ಬೆಳಗ್ಗೆಯಿಂದ ಹಿಮ ಬೀಳುತ್ತಿತ್ತು, ರೆಕ್ಕೆ ತೊಳೆಯಬೇಕು ಅಂದರು. ಒಂದು ಲಾರಿ ಪಕ್ಕಕ್ಕೆ ಬಂತು, ಎತ್ತರದ ಬುಟ್ಟಿಯಲ್ಲಿ ನಿಂತಿದ್ದವನು ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವ ಹೊಡೆದ. ಕಿಟಕಿ ಪೂರ್ತಿ ಹಬೆ. ಹಿಮ ತೊಳೆದು ಹೋದ ಮೇಲೆ ಹಸಿರು ಬಣ್ಣದ್ದು, ಗಂಜಿಯಂತೆ ದಪ್ಪಗಿರುವುದು, ರೆಕ್ಕೆಯ ಮೇಲೆ ಅಂಟಿ ಕೂತಿತು. ಮೊದಲನೆಯದು ಇರುವ ಹಿಮ ತೆಗೆಯುವುದಕ್ಕೆ, ಎರಡನೆಯದು ಹೊಸದು ಕೂರದ ಹಾಗೆ ತಡೆಯುವುದಕ್ಕೆ. ರೆಕ್ಕೆಯ ಮೇಲೆ ತೆಳ್ಳಗೆ, ಒರಟಾಗಿ ಹಿಮ ಹೆಪ್ಪುಗಟ್ಟಿದ್ದರೂ ವಿಮಾನವನ್ನು ಎತ್ತುವ ಶಕ್ತಿ ಕುಗ್ಗುತ್ತದೆ, ಹಾಗಾಗಿ ಇದರಲ್ಲಿ ಆತುರ ಮಾಡುವ ಹಾಗೇ ಇಲ್ಲ. ಒಂದೂವರೆ ಗಂಟೆ ನೆಲದ ಮೇಲೇ ಇದ್ದೆವು. ಮೇಲೇರುವ ತನಕ ಸೀಟು ನೆಟ್ಟಗೆ, ಪಾದದ ಪಟ್ಟಿ ಮಡಚಿಯೇ ಇರಬೇಕು. ಅಮ್ಮನ ಹಿಮ್ಮಡಿ ಮತ್ತೆ ನೆಲಕ್ಕೆ ತಾಗದೆ ನಿಂತಿತ್ತು. ನನಗೆ ಕಿಟಕಿಯ ಆಚೆ ನೋಡುವುದಕ್ಕಿಂತ ಅದನ್ನೇ ನೋಡುವುದು ಜಾಸ್ತಿ ಆಯಿತು.

ಬೆಲ್ಟಿನ ದೀಪ ಆರಿದ್ದೇ ತಡ, ಪಟ್ಟಿ ಇಳಿಸಿದೆ. ಅಮ್ಮನ ಪಾದ ಆಗಲೂ ಎರಡು ಬೆರಳಷ್ಟು ದೂರದಲ್ಲೇ ಉಳಿಯಿತು! ಕೊಟ್ಟಿದ್ದ ದಿಂಬನ್ನು ಅವಳ ಸೊಂಟದ ಹಿಂದೆ ಇಟ್ಟೆ, ಸ್ವಲ್ಪ ಮುಂದಕ್ಕೆ ಬಂದಳು, ಮಂಡಿ ಸೀಟಿನ ಅಂಚಿನಾಚೆ ಸಲೀಸಾಗಿ ಮಡಚಿತು, ಪಾದ ಎರಡೂ ಪಟ್ಟಿಯ ಮೇಲೆ ಕೂತವು. ಒಂದು ಸಲ ಉಸಿರು ಬಿಟ್ಟು "ಹಾ, ಈಗ ಸರಿಹೋಯ್ತು" ಅಂದಳು. ಊಟ ಬರುವ ಮೊದಲೇ ನಿದ್ದೆ ಹೋಗಿದ್ದಳು.

ಹೋಗುವಾಗ ಗಾಳಿ ಬೆನ್ನಿಗಿತ್ತು, ಬರುವಾಗ ಎದುರು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜೋರಾಗಿರುತ್ತದೆ, ಪಶ್ಚಿಮಕ್ಕೆ ಹಾರುವವರಿಗೆ ಹೊತ್ತು ಹಿಡಿಯುತ್ತದೆ. ನೆಲದ ಮೇಲೆ ಕಳೆದದ್ದೂ ಸೇರಿ ಹೋಗುವಾಗಿನದಕ್ಕಿಂತ ಎರಡೂವರೆ ಗಂಟೆ ಜಾಸ್ತಿಯೇ ಆಯಿತು. ಅದಕ್ಕೇ ನಾನು ಹೇಳುವುದು, ಎರಡೂ ಕಡೆಗೆ ಒಳ್ಳೆ ಸೀಟು ತಗೊಳ್ಳಲು ಆಗದಿದ್ದರೆ ಮೊದಲು ಹಾರಾಟದ ಅವಧಿ ನೋಡಿ, ಉದ್ದದ ಕಡೆಗೆ ತಗೊಳ್ಳಿ. ಅದು ಮನೆಗೆ ಬರುವ ಕಡೆಯಾದರಂತೂ ಯೋಚನೆಯೇ ಬೇಡ. ಹೋಗುವಾಗ ಉತ್ಸಾಹ ಇರುತ್ತದೆ, ಬರುವಾಗ ದಣಿದ ಮೈ, ಜೊತೆಗೆ ಮರುದಿನದ ಕೆಲಸ.

ಸೀಟು ದೊಡ್ಡದಾಯಿತು ಅಂತ ಸುಮ್ನೆ ಕೂತಿರಬಾರದು ಮತ್ತೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು, ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಅಂತ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಿಗೆ ಅಷ್ಟೇ, ಹೆದರಬೇಕಾಗಿಲ್ಲ. ಆದರೆ ಅದು ಯಾವ ಕ್ಲಾಸು ಅಂತ ನೋಡಿ ಬರುವುದಲ್ಲ. ಬಸ್ಸು, ರೈಲು, ಕಾರಿನಲ್ಲಿ ಕೂತವರಿಗೂ ಅಷ್ಟೇ. ಅಮ್ಮ ಎಚ್ಚರವಾದಾಗಲೆಲ್ಲ ಎಬ್ಬಿಸಿ ಹಿಂದಿನ ತನಕ ನಡೆಸಿಕೊಂಡು ಬಂದೆ. ನೀರೂ ಕುಡಿದಳು, ನಾನು ಲೆಕ್ಕ ಇಟ್ಟುಕೊಂಡಿದ್ದೆ, ಆರು ಲೋಟ.

ಇಳಿಯಲು ಅರ್ಧ ಗಂಟೆ ಇದ್ದಾಗ ಪಟ್ಟಿ ಮಡಚಿ ಅಂತ ಬಂದು ಹೇಳಿದರು. ಅಮ್ಮ ಬಗ್ಗಿದಳು. ನಾನು ಸಹಾಯಕ್ಕೆ ಅಂತ ಕೈ ಚಾಚುವಷ್ಟರಲ್ಲಿ ಎರಡೂ ಶೂ ಹಾಕಿ, ಲೇಸು ಕಟ್ಟಿ ಆಗಿತ್ತು.